ಸಸಿಗೆ ಪ್ರೋತ್ಸಾಹಧನ, ಮರಕ್ಕೆ ಪರ್ಮಿಟ್ಟು

ನಮ್ಮ ರಾಜ್ಯದಲ್ಲಿ ಮರಗಳ ಹೆಸರಿರುವ ಎರಡು ಸರಕಾರಿ ಪಟ್ಟಿಗಳಿವೆ. ಒಂದು, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯದು. ಸ್ವಂತ ಜಮೀನಿನಲ್ಲಿ ಯಾರನ್ನೂ ಕೇಳದೆ ಕಡಿಯಬಹುದಾದ ಮರಗಳು ಅದರಲ್ಲಿವೆ: ಸಿಲ್ವರ್ ಓಕ್, ನೀಲಗಿರಿ, ಗಾಳಿ, ಸುಬಾಬುಲ್, ಗೊಬ್ಬರದ ಗಿಡ, ರಬ್ಬರ್, ತೆಂಗು ಇತ್ಯಾದಿ. ಇನ್ನೊಂದು, ಅರಣ್ಯ ಇಲಾಖೆ 2011-12ರಲ್ಲಿ ಶುರು ಮಾಡಿದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯದು. ನೆಟ್ಟರೂ ಪ್ರೋತ್ಸಾಹಧನ ಸಿಗದ ಮರಗಳು ಅದರಲ್ಲಿವೆ: ನೀಲಗಿರಿ, ಅಕೇಶಿಯಾ, ಸಿಲ್ವರ್ ಓಕ್, ಗಾಳಿ, ಸುಬಾಬುಲ್, ರಬ್ಬರ್, ತೆಂಗು, ಅಡಿಕೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಬಹುಪಾಲು ಹೆಸರುಗಳು ಅವೇ.

ಇದರ ಅರ್ಥ ರೈತನಿಗೆ ಬೇಗ ತಿಳಿಯುತ್ತದೆ. ನೆಡುವಾಗ ದುಡ್ಡು ಕೊಡಿಸುವ ಮರಕ್ಕೆ ಕಡಿಯುವಾಗ ಅರ್ಜಿ ಬರೆಯಬೇಕು. ಕಡಿಯುವಾಗ ಯಾರ ಮುಲಾಜೂ ಇಲ್ಲದ ಮರಕ್ಕೆ ನೆಡುವಾಗ ಬಿಡಿಗಾಸಿಲ್ಲ. ಮೂರು ವರ್ಷದ ಪ್ರೋತ್ಸಾಹಧನ ಒಂದು ಕಡೆ, ಮೂವತ್ತನೇ ವರ್ಷದ ಪರ್ಮಿಟ್ಟು ಇನ್ನೊಂದು ಕಡೆ. ತೂಗಿ ನೋಡಿದವರು ಯಾವುದನ್ನು ಆರಿಸಿಕೊಂಡರು ಎಂದು ತಿಳಿಯಲು ಯಾವ ವರದಿಯನ್ನೂ ಓದಬೇಕಿಲ್ಲ. ಮಡಿಕೇರಿಯಿಂದ ಸೋಮವಾರಪೇಟೆ ದಾಟಿ ಮೂಡಿಗೆರೆಯವರೆಗೆ ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತ ಹೋದರೆ ಸಾಕು. ಕಂಬ ನೆಟ್ಟಂತೆ ನೇರ ನಿಂತ ಸಿಲ್ವರ್ ಓಕ್ ಸಾಲುಗಳು, ಅವುಗಳ ಮೈತುಂಬ ಹಬ್ಬಿದ ಕಾಳುಮೆಣಸು.

ಖಾಸಗಿ ಕಾಡು ಎಂದಾಗ ನಮಗೆ ಸಾವಿರ ಎಕರೆಯ ಕಂಪನಿ ಎಸ್ಟೇಟುಗಳು ನೆನಪಾಗುತ್ತವೆ. ವಾಸ್ತವದಲ್ಲಿ ನಮ್ಮ ನಾಡಿನ ಮನೆಗಾಡುಗಳು ಹೆಚ್ಚಾಗಿ ಸಣ್ಣವು, ಮತ್ತು ಊರಿಗೊಂದು ಕಾನೂನಿನವು. ಕೊಡಗಿನಲ್ಲಿ ಗದ್ದೆಗೆ ಹೊಂದಿಕೊಂಡ ಬಾಣೆ. ಉತ್ತರ ಕನ್ನಡ, ಶಿವಮೊಗ್ಗದಲ್ಲಿ ಅಡಿಕೆ ತೋಟಕ್ಕೆ ಬಿಟ್ಟ ಸೊಪ್ಪಿನ ಬೆಟ್ಟ. ದಕ್ಷಿಣ ಕನ್ನಡದಲ್ಲಿ ಪಟ್ಟಾ ಜಮೀನಿಗೆ ತಾಗಿದ ಕುಮ್ಕಿ. ಬಯಲುಸೀಮೆಯಲ್ಲಿ ಹೊಲದ ಬದು, ಹುಣಸೆ ತೋಪು. ಇವುಗಳಲ್ಲಿ ಬೆಟ್ಟ, ಕುಮ್ಕಿಗಳ ಮಾಲೀಕತ್ವ ಸರಕಾರದ್ದೇ. ಮನೆಯವರಿಗೆ ಇರುವುದು ಸೊಪ್ಪು, ದರಕು (ಒಣಗಿದ ಎಲೆ), ಕಟ್ಟಿಗೆಯ ಸವಲತ್ತು ಮಾತ್ರ. ಬ್ರಿಟಿಷರ ಕಾಲದಲ್ಲಿ ಉತ್ತರ ಕನ್ನಡದಲ್ಲಿ ಒಂದೆಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಸಿಕ್ಕಿತ್ತು. ತಲೆಮಾರುಗಳಿಂದ ಅದರ ಬೇಲಿ ಕಟ್ಟುವವರು, ಬೆಂಕಿ ಬಿದ್ದರೆ ಓಡುವವರು ತೋಟದ ಮನೆಯವರು. ಆದರೆ ಅಲ್ಲಿ ಬೆಳೆದ ಮತ್ತಿ, ಹೊನ್ನೆ ಅವರದ್ದಲ್ಲ. ಸೊಪ್ಪು ಕೊಡುವ ಮರವನ್ನು ಅವರು ಕಾಯ್ದರು, ನಾಟಾ ಕೊಡುವ ಮರದ ಗೊಡವೆಗೆ ಹೋಗಲಿಲ್ಲ. ಈಗ ಗೊಬ್ಬರ ಅಂಗಡಿಯಿಂದ ಬರುತ್ತದೆ, ದರಕು ಹೊರುವ ಆಳು ಸಿಗುವುದಿಲ್ಲ. ಹಾಗಾಗಿ ಎಷ್ಟೋ ಬೆಟ್ಟಗಳನ್ನು ಯಾರೂ ವಿಚಾರಿಸುತ್ತಿಲ್ಲ. ಹಕ್ಕು ಎಲ್ಲಿಯವರೆಗೋ ಆರೈಕೆಯೂ ಅಲ್ಲಿಯವರೆಗೆ.

ಪ್ರೋತ್ಸಾಹ ಯೋಜನೆಯ ಲೆಕ್ಕಕ್ಕೆ ಬರೋಣ. ಮುಂಗಾರಿನ ಹೊತ್ತಿಗೆ ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ರಿಯಾಯಿತಿ ದರಕ್ಕೆ ಸಸಿ ಸಿಗುತ್ತದೆ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಕೊಟ್ಟು ಹೆಸರು ನೋಂದಾಯಿಸಿ, ಪಿಕಪ್‌ನಲ್ಲಿ ಸಸಿ ತುಂಬಿಕೊಂಡು ಹೋಗಬೇಕು. ನೆಟ್ಟ ಸಸಿಗಳಲ್ಲಿ ಬದುಕುಳಿದವಕ್ಕೆ ಮೊದಲ ವರ್ಷ ತಲಾ 35 ರೂಪಾಯಿ, ಎರಡನೇ ವರ್ಷ 40, ಮೂರನೇ ವರ್ಷ 50. ಒಟ್ಟು 125 ರೂಪಾಯಿ. ಹೆಕ್ಟೇರಿಗೆ ಗರಿಷ್ಠ 400 ಸಸಿ. ಒಂದೂ ಸಾಯದೆ ಉಳಿದರೆ ಮೂರು ವರ್ಷಕ್ಕೆ ಹೆಕ್ಟೇರಿಗೆ 50,000 ರೂಪಾಯಿ. ಒಂದೂ ಸಾಯದೆ ಉಳಿಯುವುದು ನರ್ಸರಿ ಬೋರ್ಡಿನ ಚಿತ್ರದಲ್ಲಿ ಮಾತ್ರ.

ಬದುಕುಳಿದ ಸಸಿಗಳ ಎಣಿಕೆಯನ್ನು ಜೊತೆಗೆ ನಿಂತು ನೋಡಬೇಕು. ತೀರ್ಥಹಳ್ಳಿ ಕಡೆಯ ಒಂದು ಜಮೀನಿನಲ್ಲಿ ಫೆಬ್ರವರಿಯ ಬಿಸಿಲಿಗೆ ತೇಗದ ಸಸಿಗಳೆಲ್ಲ ಎಲೆ ಉದುರಿಸಿ ಬರೀ ಕೋಲಾಗಿದ್ದವು. ಯಾವುದು ಸತ್ತಿದೆ, ಯಾವುದು ಬದುಕಿದೆ ಎಂದು ಹೇಳುವುದು ಹೇಗೆ? ಎಣಿಸಲು ಬಂದ ಅರಣ್ಯ ಇಲಾಖೆಯ ಗಾರ್ಡ್ ಬಗ್ಗಿ ಉಗುರಿನಿಂದ ತೊಗಟೆ ಕೆರೆದು ನೋಡುತ್ತಾರೆ. ಒಳಗೆ ಹಸಿರು ಕಂಡರೆ ಪುಸ್ತಕದಲ್ಲಿ ಒಂದು ಗೆರೆ. ಯಜಮಾನರು ಹಿಂದೆಯೇ ಹೋಗಿ, "ಇದು ಬುಡದಲ್ಲಿ ಚಿಗುರಿದೆ ಮಾರಾಯ್ರೆ, ಇದನ್ನೂ ಬರ್ಕಳ್ಳಿ" ಎನ್ನುತ್ತಾರೆ. ಗೆದ್ದಲು ತಿಂದದ್ದು, ದನ ಕಡಿದದ್ದು, ಲಂಟಾನದ ಮೆಳೆಯೊಳಗೆ ಕಾಣೆಯಾದದ್ದು ಎಲ್ಲ ಕಳೆದು ಉಳಿದದ್ದಕ್ಕೆ ಸಹಿ. ಆ ದಿನ ಗಾರ್ಡ್ ಮರ ಎಣಿಸಿದ್ದರ ಜೊತೆಗೆ ಇನ್ನೊಂದು ಕೆಲಸ ಮಾಡಿದರು. ಯಾವ ಬದಿಯಲ್ಲಿ ನೀರು ನಿಲ್ಲುತ್ತದೆ, ಅಲ್ಲಿ ತೇಗ ಯಾಕೆ ಏಳುವುದಿಲ್ಲ, ಅದರ ಬದಲು ಹೊಳೆಮತ್ತಿ ಹಾಕಿದರೆ ಆದೀತು ಎಂದು ಹೇಳಿದರು. ಯಜಮಾನರು ಅದನ್ನು ಕೇಳಿಸಿಕೊಂಡ ರೀತಿ ನೋಡಿದರೆ, 35 ರೂಪಾಯಿಗಿಂತ ಅವರಿಗೆ ಬೇಕಿದ್ದುದು ಆ ಮಾತೇ ಇರಬೇಕು ಅನ್ನಿಸಿತು.

ಮೊದಲ ವರ್ಷದ ದರದಲ್ಲಿ ಹದಿನೈದು ಸಸಿ ಬದುಕಿದರೆ ಬರುವುದು 525 ರೂಪಾಯಿ. ಮಲೆನಾಡಿನಲ್ಲಿ ಒಂದು ಆಳಿನ ಒಂದು ದಿನದ ಸಂಬಳಕ್ಕೆ ಅದು ಸರಿಹೋಗುತ್ತದೆ. ಅಷ್ಟರಲ್ಲಿ ಗುಂಡಿ ತೆಗೆಸಿ, ಬುಡ ಬಿಡಿಸಿ, ಬೇಲಿ ಕಟ್ಟಿಸಲಾಗದು. ಹೀಗಾಗಿ ಈ ಹಣದಿಂದ ಹೊಸದಾಗಿ ಮರ ಬೆಳೆಸಲು ಮನಸ್ಸು ಮಾಡಿದವರು ಕಡಿಮೆ, ಹೇಗೂ ನೆಡಬೇಕೆಂದಿದ್ದವರು ಇನ್ನೂ ನಾಲ್ಕು ಸಾಲು ಹೆಚ್ಚು ನೆಟ್ಟಿದ್ದಾರೆ ಎಂಬುದು ನನ್ನ ಅಂದಾಜು. ಬೆಂಗಳೂರಿನಲ್ಲಿ ಕೆಲಸ, ಊರಲ್ಲಿ ಜಮೀನು ಇರುವವರಿಗೆ ಇದು ಅನುಕೂಲ. ಉಳುಮೆ ಬಿಟ್ಟು ತೇಗ, ಮಹಾಗನಿ, ಹೆಬ್ಬೇವು ಹಾಕಿ ತಂತಿ ಎಳೆದು ಹೋಗಿಬಿಡುತ್ತಾರೆ. ಅಣ್ಣತಮ್ಮಂದಿರ ಹೆಸರು ಒಟ್ಟಿಗಿರುವ ಜಂಟಿ ಖಾತೆಯ ಮನೆಯವರಿಗೆ ಮಾತ್ರ ಎಲ್ಲರ ಒಪ್ಪಿಗೆ ಪತ್ರ ತರುವಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ. ಜಮೀನು ಗಂಡಸಿನ ಹೆಸರಲ್ಲಿ, ಗಿಡಕ್ಕೆ ನೀರು ಹೊತ್ತು ಹಾಕಿದವಳು ಹೆಂಗಸು. ಪ್ರೋತ್ಸಾಹಧನ ಪಹಣಿಯ ಹೆಸರಿಗೆ ಜಮೆ!

ಉದ್ಯೋಗ ಖಾತರಿಯಲ್ಲಿ ಸಣ್ಣ ರೈತರಿಗೆ ಸ್ವಂತ ಹೊಲದಲ್ಲೇ ಗುಂಡಿ ತೆಗೆದು ಗಿಡ ನೆಟ್ಟದ್ದಕ್ಕೆ ಕೂಲಿ ಸಿಕ್ಕ ಕಡೆ ಫಲ ಬೇರೆ ಥರ ಇತ್ತು ಎಂಬುದನ್ನೂ ಹೇಳಬೇಕು. ಅಲ್ಲಿ ದುಡ್ಡು ಬಂದದ್ದು ಗುಂಡಿ ತೆಗೆಯುವ ದಿನಕ್ಕೆ. ರೈತನಿಗೆ ಕೈಕಟ್ಟುವ ದಿನವೂ ಅದೇ.

ಕೊಡಗಿನ ಕಥೆ ಇನ್ನೂ ತೊಡಕಿನದು, ಅಷ್ಟೇ ಕಲಿಸುವಂಥದ್ದು.

ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಇಲ್ಲಿ ಕಾಫಿ ಹಬ್ಬಿದಾಗ ಕಾಡಿನ ಮರಗಳ ನೆರಳಲ್ಲೇ ಗಿಡ ಹಾಕಿದರು. ಹೆಬ್ಬಲಸು, ನಂದಿ, ಹೊನ್ನೆ, ಬೀಟೆ, ಅತ್ತಿ, ಕಾಡುಮಾವು, ಹಲಸು ಮೇಲೆ, ಹಾಲುವಾಣ ನಡುವೆ, ಕಾಫಿ ಕೆಳಗೆ. ಹೊರಗಿನಿಂದ ನೋಡಿದವರು ಇದನ್ನು ಕಾಡೆಂದೇ ತಿಳಿಯಬೇಕು, ಹಾಗಿತ್ತು. ಆದರೆ ಈ ಮರಗಳು ಯಾರವು? ಬಾಣೆಯ ಮರಗಳ ಬೆಲೆಯನ್ನು ಸರಕಾರಕ್ಕೆ ಕಟ್ಟಿ ಬಿಡಿಸಿಕೊಂಡಿದ್ದರೆ ಅದು ರಿಡೀಮ್ಡ್, ಮರ ಮನೆಯವರದು. ಕಟ್ಟಿರದಿದ್ದರೆ ಅನ್‌ರಿಡೀಮ್ಡ್, ಮರ ಸರಕಾರದ್ದು. ಅಜ್ಜನ ಕಾಲದಿಂದ ಕಾಯ್ದ ಬೀಟೆ ಮರದ ಕೆಳಗೆ ನಿಂತು, ಇದು ತನ್ನದೋ ಅಲ್ಲವೋ ಎಂದು ತಿಳಿಯಲು ತಾಲ್ಲೂಕು ಕಚೇರಿಯ ಹಳೇ ಕಡತ ತೆಗೆಸಬೇಕು. ಜಮ್ಮಾ ಎಂಬ ವಂಶಪಾರಂಪರ್ಯದ ಹಿಡುವಳಿಯಾದರೆ ಪಹಣಿಯಲ್ಲಿ ಎಂದೋ ತೀರಿಕೊಂಡ ಪಟ್ಟೇದಾರರ ಹೆಸರು.

ಕಾಯ್ದೆ ಪ್ರಕಾರ ತನ್ನದೇ ಎಂದಾದ ಒಂದು ನಂದಿ ಮರವನ್ನು ಕಡಿದು ಮಾರಬೇಕೆನ್ನಿ. ರೇಂಜ್ ಕಚೇರಿಗೆ ಅರ್ಜಿ. ಪಹಣಿ, ಸರ್ವೆ ಸ್ಕೆಚ್. ಮರದ ಹಕ್ಕು ಯಾರದು ಎಂದು ಕಂದಾಯ ಇಲಾಖೆಯ ವರದಿ. ಜಮೀನು ಮೀಸಲು ಅರಣ್ಯಕ್ಕೆ ತಾಗಿಕೊಂಡಿದ್ದರೆ ಗಡಿ ಗುರುತು. ಆಮೇಲೆ ಮರದ ಸುತ್ತಳತೆ ಅಳೆದು ನಂಬರು ಹಾಕುವುದು. ಮೇಲಿನ ಅಧಿಕಾರಿಯ ಮಂಜೂರಾತಿ. ಕಡಿದ ಮೇಲೆ ತುಂಡುಗಳ ಪಟ್ಟಿ, ಸುತ್ತಿಗೆ ಗುರುತು, ಕೊನೆಗೆ ಸಾಗಣೆ ಪಾಸು. ಇಷ್ಟು ತಿರುಗಾಟ ಬೆಳೆಗಾರನಿಂದ ಆಗದು. ಅದನ್ನು ನಾಟಾ ವ್ಯಾಪಾರಿ ವಹಿಸಿಕೊಳ್ಳುತ್ತಾನೆ. ಮರ ನಿಂತಲ್ಲೇ ವ್ಯಾಪಾರ ಮುಗಿಯುತ್ತದೆ, 'ಪೇಪರ್ ಖರ್ಚು' ಎಂದು ಬೆಲೆಯಲ್ಲಿ ಕಡಿತ. ಸಿಲ್ವರ್ ಓಕ್‌ಗೆ ಇದೊಂದೂ ಇಲ್ಲ. ಬೆಳಿಗ್ಗೆ ಫೋನ್ ಮಾಡಿದರೆ ಸಂಜೆಗೆ ಲಾರಿ. ಕೇರಳದ ಪೆರುಂಬಾವೂರಿನ ಪ್ಲೈವುಡ್ ಕಾರ್ಖಾನೆಗಳಿಗೆ ಎಷ್ಟು ಕಳಿಸಿದರೂ ಸಾಲದು.

ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ, ಪುದುಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್‌ನ ಸಂಶೋಧಕರು ಕೊಡಗಿನ ಕಾಫಿ ತೋಟಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ, ದೇಸಿ ಮರಗಳು ಸಿಲ್ವರ್ ಓಕ್‌ಗೆ ಜಾಗ ಬಿಟ್ಟುಕೊಡುತ್ತಿರುವುದಕ್ಕೆ ಈ ಮರದ ಹಕ್ಕಿನ ಗೋಜಲೂ ಒಂದು ಮುಖ್ಯ ಕಾರಣ ಎಂದು ಬರೆದಿದ್ದಾರೆ. ತೋಟದಲ್ಲಿ ಅದು ನಡೆಯುವ ಬಗೆ ಸದ್ದಿಲ್ಲದ್ದು. ಯಾರೂ ನಂದಿ ಮರ ಉರುಳಿಸುವುದಿಲ್ಲ, ಉರುಳಿಸಿದರೆ ಕೇಸು. ಮರಗಸಿ ಮಾಡಿಸುವಾಗ ಕೊಂಬೆಗಳನ್ನು ಸ್ವಲ್ಪ ಹೆಚ್ಚೇ ಸವರಿಸುತ್ತಾರೆ. ವರ್ಷ ವರ್ಷ ಸವರಿಸಿಕೊಂಡ ಮರ ಒಂದು ದಿನ ಒಣಗುತ್ತದೆ, ಒಣಗಿದ ಮರಕ್ಕೆ ಅನುಮತಿ ಸುಲಭ. ಅದಕ್ಕಿಂತ ದೊಡ್ಡ ನಷ್ಟ ನೆಲದ ಮಟ್ಟದಲ್ಲಿ ಆಗುತ್ತದೆ. ಹಕ್ಕಿ ಬೀಳಿಸಿದ ಬೀಜದಿಂದ ತಾನಾಗಿ ಎದ್ದ ಹೊನ್ನೆ ಸಸಿ ಕಳೆ ಹೊಡೆಯುವಾಗ ಕಳೆಯೊಂದಿಗೆ ಹೋಗುತ್ತದೆ. ಬಿಟ್ಟರೆ ಇಪ್ಪತ್ತು ವರ್ಷದಲ್ಲಿ ಅದು ಸರಕಾರದ ಮರವಾಗುತ್ತದೆಂದು ಆಳಿಗೂ ಗೊತ್ತು, ಯಜಮಾನನಿಗೂ ಗೊತ್ತು. ಇದಕ್ಕೆ ಯಾವ ಅಂಕಿ ಅಂಶವೂ ಇಲ್ಲ, ಏಕೆಂದರೆ ಕತ್ತಿಗೆ ಸಿಕ್ಕ ಮೊಳಕೈ ಉದ್ದದ ಸಸಿಯನ್ನು ಯಾವ ಇಲಾಖೆಯೂ ಎಣಿಸುವುದಿಲ್ಲ.

ಎಲ್ಲವನ್ನೂ ಕಾಯ್ದೆಯ ತಲೆಗೆ ಕಟ್ಟುವುದೂ ಅನ್ಯಾಯ. ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಒಳ್ಳೆಯ ಆಸರೆ, ನೆರಳು ತೆಳು. ರೊಬಸ್ಟಾಗೆ ಬಿಸಿಲು ಬೇಕು. 2000ದ ದಶಕದ ಆರಂಭದಲ್ಲಿ ಕಾಫಿ ಬೆಲೆ ನೆಲಕಚ್ಚಿದಾಗ ಎಷ್ಟೋ ಮನೆಗಳು ಉಸಿರಾಡಿದ್ದು ಓಕ್ ಮಾರಿದ ದುಡ್ಡಿನಲ್ಲಿ. ಹಲಸು, ಅತ್ತಿ ಬಿಟ್ಟ ತೋಟಕ್ಕೆ ಆನೆ ಬರುತ್ತದೆ, ಓಕ್ ತೋಟದಲ್ಲಿ ಅದಕ್ಕೆ ತಿನ್ನಲು ಏನೂ ಇಲ್ಲ. ಎಳೆಯ ಹಲಸಿನಕಾಯಿಗಳನ್ನು ಕಿತ್ತು ಎಸೆಯುವ ಬೆಳೆಗಾರನನ್ನು ಪರಿಸರ ವಿರೋಧಿ ಎನ್ನುವ ಮೊದಲು, ರಾತ್ರಿ ಅವನ ಲೈನ್ ಮನೆಯಲ್ಲಿ ಮಲಗಿ ನೋಡಬೇಕು. ಆನೆ ತುಳಿದ ಕಾಫಿಗೆ ಪರಿಹಾರವಿದೆ. ಆನೆಗೆ ಹಲಸು ಉಳಿಸಿಕೊಟ್ಟದ್ದಕ್ಕೆ ಏನೂ ಇಲ್ಲ.

ನೆರವೇ ಇಲ್ಲದೆ ಕಾಡು ಉಳಿಸಿದವರೂ ಇದ್ದಾರೆ. ದಕ್ಷಿಣ ಕೊಡಗಿನ ತೆರಾಲು ಬಳಿ ಅನಿಲ್ ಮತ್ತು ಪಮೇಲಾ ಮಲ್ಹೋತ್ರಾ ದಂಪತಿ 1991ರಿಂದ ಪಾಳುಬಿದ್ದ ತೋಟಗಳನ್ನು ಕೊಂಡು, ಸುಮಾರು 300 ಎಕರೆಯನ್ನು ಕಾಡಾಗಲು ಬಿಟ್ಟರು. ದೇಶವಿಡೀ ಅವರನ್ನು ಹೊಗಳಿತು, ಹೊಗಳಲೇಬೇಕು. ಆದರೆ ತೋಟದಿಂದಲೇ ಮಕ್ಕಳ ಫೀಸು ಕಟ್ಟಬೇಕಾದ ಮನೆಗೆ ಆ ದಾರಿ ಹೇಳಿ ಪ್ರಯೋಜನವಿಲ್ಲ.

ಸರಕಾರದ ನೆರವು ಎಂದೂ ನಾಟುವುದೇ ಇಲ್ಲವೆಂದು ಯಾರಾದರೂ ಹೇಳಿದರೆ ಅವರಿಗೆ ಕೋಲಾರ ತೋರಿಸಬೇಕು. ಅಲ್ಲಿ ನೆರವು ನಾಟಿತು, ಬೇಕಾದ್ದಕ್ಕಿಂತ ಹೆಚ್ಚೇ ನಾಟಿತು. 1980ರ ದಶಕದಲ್ಲಿ ವಿಶ್ವಬ್ಯಾಂಕ್ ಮತ್ತು ಬ್ರಿಟನ್ನಿನ ಹಣದಲ್ಲಿ ಸಾಮಾಜಿಕ ಅರಣ್ಯ ಯೋಜನೆ ಬಂತು. ಹಳ್ಳಿಯವರಿಗೆ ಸೌದೆ, ಮೇವು ಒದಗಿಸುವುದು ಉದ್ದೇಶ. ಸಸಿ ಹಂಚಿಕೆ ಭರ್ಜರಿ. ರೈತರು ಒಯ್ದದ್ದು ಬಹುಪಾಲು ನೀಲಗಿರಿ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಸಸಿ ಪುಕ್ಕಟೆಗೆ ಹತ್ತಿರ, ದನ ಮುಟ್ಟುವುದಿಲ್ಲ, ಆಳು ಬೇಡ, ಕಡಿಯಲು ಪರ್ಮಿಟ್ಟು ಬೇಡ, ಕೊಳ್ಳಲು ಹರಿಹರದ ಪಾಲಿಫೈಬರ್ಸ್ ಥರದ ಕಾರ್ಖಾನೆ ಸಿದ್ಧ. ರಾಗಿ ಬೆಳೆಯುತ್ತಿದ್ದ ಕೆಂಪು ಹೊಲಗಳು ನೀಲಗಿರಿ ತೋಪಾದವು. ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಕೆಲಸ ತಪ್ಪಿತು. ಮೇವು, ಸೌದೆಯ ಮಾತು ಯೋಜನೆಯ ಮುನ್ನುಡಿಯಲ್ಲೇ ಉಳಿಯಿತು.

1983ರಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತೆಸೆದು ಹುಣಸೆ, ಮಾವಿನ ಬೀಜ ಊರಿದರು. 1987ರಲ್ಲಿ ಹಾನಗಲ್ ಸೀಮೆಯ ಕುಸನೂರಿನಲ್ಲಿ ನೀಲಗಿರಿ ಕಿತ್ತು ಬೇಕಾದ ಮರ ನೆಡುವ 'ಕಿತ್ತಿಕೋ ಹಚ್ಚಿಕೋ' ಚಳವಳಿ ನಡೆಯಿತು. ಕೊನೆಗೆ 2017ರಲ್ಲಿ ರಾಜ್ಯ ಸರಕಾರವೇ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಮೊದಲು ಹಂಚಿದವರು ಯಾರೋ ನಿಷೇಧಿಸಿದವರೂ ಅವರೇ. ಸಸಿ ಹಿಡಿದು ಮನೆಗೆ ಹೋದ ರೈತನಿಗೆ ಇದರಿಂದ ಬಂದ ಪಾಠ ಒಂದೇ: ಇಲಾಖೆ ಇವತ್ತು ಹೇಳಿದ ಮರವನ್ನು ನಾಳೆಯೂ ಒಪ್ಪುತ್ತದೆ ಎಂಬ ಗ್ಯಾರಂಟಿ ಇಲ್ಲ.

ಈ ಅಪನಂಬಿಕೆಯ ಬೇರು ಹುಡುಕುತ್ತ ಹೋದರೆ ಶ್ರೀಗಂಧ ಸಿಗುತ್ತದೆ. 1792ರಲ್ಲಿ ಟಿಪ್ಪು ಸುಲ್ತಾನ್ ಗಂಧವನ್ನು ರಾಜವೃಕ್ಷವೆಂದು ಘೋಷಿಸಿದ. ಆಮೇಲೆ ಮೈಸೂರು ಅರಸರು, ಆಮೇಲೆ ಪ್ರಜಾಸರಕಾರ. ಮರ ಮಾತ್ರ ಸರಕಾರದ್ದಾಗಿಯೇ ಇತ್ತು. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾದ ಕಾಲಕ್ಕೆ ಕಾಡು ಮೇಡಿನಲ್ಲೆಲ್ಲ ಗಂಧ. ಆದರೆ ಹೊಲದ ಬದುವಿನಲ್ಲಿ ಗಂಧದ ಸಸಿ ಎದ್ದರೆ ರೈತನ ಎದೆ ಡವಡವ. ಕಳ್ಳರು ಕಡಿದರೆ ಕೇಸು ಅವನ ಮೇಲೆ. ಹಾಗಾಗಿ ಎರಡೆಲೆ ಇದ್ದಾಗಲೇ ಕಿತ್ತುಬಿಡುವುದು ಹಳ್ಳಿಗಳಲ್ಲಿ ವಾಡಿಕೆಯಾಗಿತ್ತು. ಇನ್ನೂರು ವರ್ಷ ಕಾವಲು ಕಾದ ಕಾಯ್ದೆಯೇ ಸಸಿ ಕೀಳಿಸಿತು.

2001ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಜಮೀನಿನಲ್ಲಿ ಬೆಳೆದ ಗಂಧದ ಮರ ಜಮೀನಿನವನದೇ ಎಂದಾಯಿತು. ಆಮೇಲೆ ನೋಡಿ! ಬಯಲುಸೀಮೆಯಲ್ಲಿ ಎಕರೆಗಟ್ಟಲೆ ಗಂಧದ ತೋಟ ಎದ್ದವು, ಸಸಿಗೆ ನರ್ಸರಿಗಳಲ್ಲಿ ಸರದಿ ನಿಂತಿತು. ಔಷಧಿ ಸಸ್ಯಗಳ ಲೆಕ್ಕದಲ್ಲಿ ಸಬ್ಸಿಡಿಯೂ ಸಿಕ್ಕಿತು, ಆದರೆ ಜನರನ್ನು ಎಬ್ಬಿಸಿದ್ದು ಸಬ್ಸಿಡಿಯಲ್ಲ, ಆ ಒಂದು ತಿದ್ದುಪಡಿ. ಇಡೀ ವಿಷಯದಲ್ಲಿ ನನಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಕ್ಕಿಲ್ಲ. ಹಾಗೆಂದು ಗಂಧ ಬೆಳೆದವರು ಸುಖವಾಗಿಲ್ಲ. ಕಡಿಯಲು ಇಲಾಖೆಯ ಅನುಮತಿ ಬೇಕಿತ್ತು, ಮಾರಾಟ ಸರಕಾರಿ ಸಂಸ್ಥೆಗಳ ಮೂಲಕ ಮಾತ್ರ ಎಂಬ ಕಟ್ಟು ಬಹಳ ಕಾಲ ಉಳಿಯಿತು. 2022ರ ಶ್ರೀಗಂಧ ನೀತಿ ಅದನ್ನು ಸಡಿಲಿಸುವ ಭರವಸೆ ಕೊಟ್ಟಿತು. ಹತ್ತು ವರ್ಷ ದಾಟಿದ ತೋಟದಲ್ಲಿ ರಾತ್ರಿ ನಾಯಿ ಬೊಗಳಿದರೆ ಮನೆಮಂದಿಗೆಲ್ಲ ನಿದ್ದೆ ಇಲ್ಲ. ಮರ ನಮ್ಮದಾಯಿತು, ಕಳ್ಳನೂ ನಮ್ಮ ಪಾಲಿಗೇ ಬಂದ. ಇತ್ತ ನಾವು ನಿಯಮ ಬರೆಯುತ್ತಿದ್ದಾಗ ಆಸ್ಟ್ರೇಲಿಯಾದವರು ಕುನುನುರ್ರಾ ಎಂಬಲ್ಲಿ ಆರ್ಡ್ ನದಿಯ ನೀರು ಕಟ್ಟಿ ಇದೇ ಭಾರತೀಯ ಗಂಧವನ್ನು ಸಾವಿರಾರು ಎಕರೆಯಲ್ಲಿ ಬೆಳೆದು ಎಣ್ಣೆ ಮಾರತೊಡಗಿದರು.

ಮರ ಬೆಳೆಸುವ ಮನೆಯವರ ಮನಸ್ಸನ್ನು ಅತಿ ಹೆಚ್ಚು ಅಳೆದು ನೋಡಿದ ದೇಶ ಅಮೆರಿಕ. ಅಲ್ಲಿನ ಕಾಡಿನಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಭಾಗ ಕುಟುಂಬಗಳ ಕೈಯಲ್ಲಿದೆ, ಅಂಥ ಕುಟುಂಬಗಳು ಹತ್ತಿರ ಹತ್ತಿರ ಒಂದು ಕೋಟಿ. ಅಲ್ಲಿನ ಅರಣ್ಯ ಸೇವೆ ಇವರನ್ನು ನಿಯಮಿತವಾಗಿ ಸಮೀಕ್ಷೆ ಮಾಡುತ್ತದೆ. ಕಾಡು ಏಕೆ ಇಟ್ಟುಕೊಂಡಿದ್ದೀರಿ ಎಂದರೆ ಚೆಂದಕ್ಕೆ, ಪ್ರಾಣಿ ಪಕ್ಷಿಗೆ, ಮಕ್ಕಳಿಗೆ ಬಿಟ್ಟುಹೋಗಲು ಎಂಬ ಉತ್ತರಗಳೇ ಮುಂದಿರುತ್ತವೆ, ನಾಟಾ ಮಾರುವುದು ಹಿಂದೆ ಬೀಳುತ್ತದೆ. 1990ರ ಕೃಷಿ ಕಾಯ್ದೆಯಲ್ಲಿ ಇವರಿಗೆಂದೇ ಅರಣ್ಯ ಪಾಲನೆ ಕಾರ್ಯಕ್ರಮ ಬಂತು. ಸಸಿಗೆ, ಕಳೆಗೆ, ಯೋಜನೆ ಬರೆಸಲು ಖರ್ಚಿನಲ್ಲಿ ಪಾಲು. ಹೀಗಿದ್ದೂ ಲಿಖಿತ ನಿರ್ವಹಣಾ ಯೋಜನೆ ಇಟ್ಟುಕೊಂಡವರು ಅಲ್ಪಸಂಖ್ಯಾತರೇ. ಮಿನ್ನೆಸೋಟ ವಿಶ್ವವಿದ್ಯಾಲಯದ ಮೈಕೆಲ್ ಕಿಲ್ಗೋರ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಕೆದಕಿತು. ಹಣದ ಪ್ರಭಾವ ಸೀಮಿತ, ತಿಳಿದವರೊಬ್ಬರು ಬಂದು ಮಾಲೀಕನ ಜೊತೆ ಅವನ ಕಾಡಿನಲ್ಲಿ ನಡೆದಾಡಿ ಮಾತಾಡುವುದರಿಂದ ಆಗುವ ಕೆಲಸ ಹೆಚ್ಚು ಎಂಬುದು ಅವರು ಕಂಡದ್ದು. ತೀರ್ಥಹಳ್ಳಿಯ ಗಾರ್ಡ್ ಮಾಡಿದ್ದೂ ಅದನ್ನೇ, ಆದರೆ ಅದು ಅವರ ಡ್ಯೂಟಿ ಪಟ್ಟಿಯಲ್ಲಿಲ್ಲ.

ಅಮೆರಿಕದಿಂದ ಕಲಿಯಬೇಕಾದ ಇನ್ನೊಂದು ಅಂಶ ಅವಧಿ. ವಿಸ್ಕಾನ್ಸಿನ್ ರಾಜ್ಯದಲ್ಲಿ 1985ರ ಕಾಯ್ದೆಯಡಿ ಕಾಡಿನ ಮಾಲೀಕರಿಗೆ ಆಸ್ತಿ ತೆರಿಗೆಯಲ್ಲಿ ದೊಡ್ಡ ರಿಯಾಯಿತಿ ಇದೆ. ಅದಕ್ಕೆ 25 ಅಥವಾ 50 ವರ್ಷದ ಕರಾರು, ನಡುವೆ ಬಿಟ್ಟರೆ ದಂಡ. ಕಟ್ಟುನಿಟ್ಟು ಹೌದು, ಆದರೆ ಎರಡೂ ಕಡೆಗೆ ಮುಂದಿನ ಅರ್ಧ ಶತಮಾನದಲ್ಲಿ ಏನಾಗುತ್ತದೆಂದು ಗೊತ್ತಿರುತ್ತದೆ. ನಮ್ಮ ಯೋಜನೆಯ ನೆನಪಿನ ಶಕ್ತಿ ಮೂರು ವರ್ಷ. ನಾಲ್ಕನೇ ವರ್ಷದಿಂದ ಆ ಗಿಡ ಇದೆಯೋ ಇಲ್ಲವೋ ಕೇಳುವವರಿಲ್ಲ. ಮೂವತ್ತನೇ ವರ್ಷ ಕಡಿಯಲು ಹೋದಾಗ, ಇದನ್ನು ನೀನೇ ನೆಟ್ಟದ್ದು ಎಂಬುದಕ್ಕೆ ಸಾಕ್ಷಿ ತಾ ಎನ್ನುತ್ತಾರೆ. ಅಷ್ಟರಲ್ಲಿ ಮನೆಯಲ್ಲಿ ಹಿಸ್ಸೆಯಾಗಿರುತ್ತದೆ, ನೆಟ್ಟವರು ಇರುವುದಿಲ್ಲ.

ಮರ ಬೆಳೆಸುವವರ ಹೆದರಿಕೆಗೆ ಇನ್ನೊಂದು ಮುಖವೂ ಇದೆ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮಾಲೀಕರು ಯಾರೇ ಆಗಿರಲಿ, ಕಾಡಿನಂತಿರುವುದೆಲ್ಲ ಅರಣ್ಯ ಸಂರಕ್ಷಣಾ ಕಾಯ್ದೆಗೆ ಒಳಪಡುತ್ತದೆ ಎಂದಿತು. ಆ ಹೊತ್ತಿಗೆ ಅದು ಬೇಕಿದ್ದ ಆದೇಶ. ಅದರ ಬೆನ್ನಿಗೆ ನಮ್ಮ ರಾಜ್ಯ ಗುರುತಿಸಿದ ಡೀಮ್ಡ್ ಫಾರೆಸ್ಟ್, ಅಂದರೆ ಕಾಡೆಂದು ಪರಿಗಣಿಸಿದ ಜಾಗ, 9.94 ಲಕ್ಷ ಹೆಕ್ಟೇರ್. ವರ್ಷಗಳ ಜಗ್ಗಾಟದ ನಂತರ 2022ರಲ್ಲಿ ಅದನ್ನು 3.30 ಲಕ್ಷಕ್ಕೆ ಇಳಿಸಲಾಯಿತು. ಈ ಏರಿಳಿತದ ನಡುವೆ ಮಲೆನಾಡಿನ ಮನೆಗಳಲ್ಲಿ ಉಳಿದ ಮಾತು, "ಮರ ಜಾಸ್ತಿ ಬಿಟ್ರೆ ಇದ್ನೂ ಡೀಮ್ಡ್ ಅಂತಾರೆ." ಇಂಥ ಮಾತು ಒಂದು ಮನೆಗೆ ಹೊಕ್ಕರೆ 125 ರೂಪಾಯಿಯ ಪ್ರೋತ್ಸಾಹ ಅದನ್ನು ಹೊರಗೆ ಹಾಕಲಾರದು.

ದಿಲ್ಲಿಗೆ ಇದು ಅರ್ಥವಾಗಿಲ್ಲವೆಂದಲ್ಲ. 2014ರಲ್ಲಿ ಭಾರತ ರಾಷ್ಟ್ರೀಯ ಕೃಷಿ ಅರಣ್ಯ ನೀತಿ ತಂದಾಗ ಅಂಥ ನೀತಿ ಮಾಡಿದ ಮೊದಲ ದೇಶ ಎನಿಸಿಕೊಂಡಿತು. 2016-17ರಲ್ಲಿ 'ಪ್ರತಿ ಬದುವಿಗೂ ಮರ' ಎಂಬ ಘೋಷಣೆಯೊಂದಿಗೆ ಕೃಷಿ ಅರಣ್ಯ ಉಪ ಅಭಿಯಾನ ಬಂದಾಗ, ಸಾಗಣೆ ನಿಯಮ ಸಡಿಲಿಸಿದ ರಾಜ್ಯಗಳಿಗೆ ಮಾತ್ರ ಹಣ ಎಂಬ ಷರತ್ತು ಇತ್ತು. ಪರ್ಮಿಟ್ಟು ಬಿಗಿ ಇದ್ದಲ್ಲಿ ಸಬ್ಸಿಡಿ ನೀರಲ್ಲಿ ಹೋಮ ಎಂದು ಸರಕಾರವೇ ಒಪ್ಪಿಕೊಂಡಂತಾಯಿತು. 2025ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಕೃಷಿ ಭೂಮಿಯ ಮರ ಕಡಿಯುವ ಬಗ್ಗೆ ಮಾದರಿ ನಿಯಮಗಳನ್ನು ಹೊರಡಿಸಿತು. ನೆಟ್ಟವರು ಜಮೀನಿನ ವಿವರ, ಜಾತಿ, ನೆಟ್ಟ ಕಾಲವನ್ನು ಒಂದು ಪೋರ್ಟಲ್‌ನಲ್ಲಿ ದಾಖಲಿಸಿಡುವುದು, ಹತ್ತು ಮರದೊಳಗಾದರೆ ಫೋಟೊ ಸಹಿತ ಅರ್ಜಿ, ಅದಕ್ಕೆ ಮೇಲ್ಪಟ್ಟರೆ ಮಾನ್ಯತೆ ಪಡೆದ ಸಂಸ್ಥೆಯಿಂದ ಸ್ಥಳ ತನಿಖೆ, ಇದು ಅದರ ತಿರುಳು. ಇವು ಮಾದರಿ ನಿಯಮಗಳಷ್ಟೇ, ಒಪ್ಪಿ ಜಾರಿಗೆ ತರಬೇಕಾದವು ರಾಜ್ಯಗಳು.

ನಮ್ಮ ರಾಜ್ಯಕ್ಕೆ ಇದಕ್ಕಾಗಿ ಹೊಸ ಸಾಫ್ಟ್‌ವೇರೂ ಬೇಕಿಲ್ಲ, ಹೊಸ ಯೋಜನೆಯೂ ಬೇಕಿಲ್ಲ. ಪ್ರೋತ್ಸಾಹ ಯೋಜನೆಯ ನೋಂದಣಿಯಲ್ಲಿ ಸರ್ವೆ ನಂಬರು, ಮರದ ಜಾತಿ, ನೆಟ್ಟ ವರ್ಷ, ಬದುಕುಳಿದ ಸಂಖ್ಯೆ ಎಲ್ಲವೂ ಇವೆ, ಅದೂ ಇಲಾಖೆಯ ನೌಕರರೇ ಮೂರು ಸಲ ಹೋಗಿ ಎಣಿಸಿದ್ದು. ಆ ದಾಖಲೆಯನ್ನೇ ಮರದ ಜನ್ಮಪತ್ರವೆಂದು ಒಪ್ಪಿ, ಮುಂದೆ ಕಡಿಯುವಾಗ ಮಾಲೀಕತ್ವದ ಪುರಾವೆಯಾಗಿ ಸ್ವೀಕರಿಸುತ್ತೇವೆ ಎಂದು ಒಂದು ಆದೇಶ ಹೊರಟರೆ ನಂದಿ, ಹೊನ್ನೆ, ಹೆಬ್ಬಲಸಿಗೆ ಸಿಲ್ವರ್ ಓಕ್‌ನ ಅರ್ಧದಷ್ಟಾದರೂ ಮರ್ಯಾದೆ ಬರುತ್ತದೆ. ಸಡಿಲಿಸಿದರೆ ಕಳ್ಳನಾಟಾ ನುಸುಳುತ್ತದೆ ಎಂಬ ಅಧಿಕಾರಿಗಳ ಆತಂಕ ಹುಸಿಯಲ್ಲ. ಮೀಸಲು ಅರಣ್ಯದ ಬೀಟೆ ಪಕ್ಕದ ಬಾಣೆಯ ಪಾಸಿನಲ್ಲಿ ಸಾಗಿದ ಕಥೆಗಳು ಕೊಡಗಿನಲ್ಲಿ ಬೇಕಾದಷ್ಟಿವೆ. ಆದರೆ ದಾಖಲಾದ ಮರ ಇರುವಲ್ಲಿ ದಾಖಲೆಯಿಲ್ಲದ ಮರ ನುಸುಳುವುದು ಕಷ್ಟ. ಈಗ ಕಡಿಯುವ ಹೊತ್ತಿಗೆ ಯಾವುದಕ್ಕೂ ದಾಖಲೆಯಿಲ್ಲ, ಹಾಗಾಗಿ ಕಳ್ಳನಿಗೂ ಬೆಳೆದವನಿಗೂ ಒಂದೇ ಅನುಮಾನ, ಒಂದೇ ಕಚೇರಿ ಅಲೆದಾಟ. ಕಳ್ಳ ಅಲೆಯುವುದಿಲ್ಲ ಎಂಬುದಷ್ಟೇ ವ್ಯತ್ಯಾಸ.

ಆದೇಶ ಹೊರಡುವವರೆಗೆ ಓದುಗರಲ್ಲಿ ಮರ ಬೆಳೆಸಿದವರು ಮಾಡಬಹುದಾದ ಕೆಲಸವೊಂದಿದೆ. ಪಹಣಿಯಲ್ಲಿ ಮರಗಳಿಗೆಂದೇ ಒಂದು ಕಾಲಂ ಇದೆ, ಬಹಳ ಜನರ ಪಹಣಿಯಲ್ಲಿ ಅದು ಖಾಲಿ. ನೀವು ನೆಟ್ಟ ಮರಗಳ ಜಾತಿ, ಸಂಖ್ಯೆ ಬರೆದು ಗ್ರಾಮ ಆಡಳಿತಾಧಿಕಾರಿಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಪ್ರೋತ್ಸಾಹ ಯೋಜನೆಯಲ್ಲಿ ಹೆಸರಿದ್ದರೆ ಎಣಿಕೆಯ ಪ್ರತಿಯನ್ನು ರೇಂಜ್ ಕಚೇರಿಯಿಂದ ಕೇಳಿ ತೆಗೆದುಕೊಂಡು ಜಮೀನಿನ ಪತ್ರಗಳ ಜೊತೆಗೇ ಇಡಿ. ಮೂವತ್ತು ವರ್ಷದ ಮೇಲೆ ಅದನ್ನು ಕೇಳುವವರು ನಿಮ್ಮ ಮಕ್ಕಳನ್ನು ಕೇಳುತ್ತಾರೆ.